ನಾಲಿಗೆಯಡಿ ನೋಡುವ ಕೆಲಸ

ಬೆಳಗಿನ ಆರು ಗಂಟೆ. ಕಿಟಕಿಯ ಸರಳುಗಳಾಚೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಾನಸಿಕ ಆಸ್ಪತ್ರೆಯ ಮಹಿಳಾ ವಾರ್ಡಿನಲ್ಲಿ ಹೊಸ ನರ್ಸ್ ಮಾತ್ರೆಗಳ ತಟ್ಟೆ ಹಿಡಿದು ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಾಳೆ. ಮಾತ್ರೆ, ಪ್ಲಾಸ್ಟಿಕ್ ಲೋಟದಲ್ಲಿ ನೀರು, ಆಮೇಲೆ ಎಲ್ಲರಿಗೂ ಒಂದೇ ಮಾತು: "ಬಾಯಿ ತೆಗೀರಿ. ನಾಲಿಗೆ ಎತ್ತಿ." ಪುಟ್ಟ ಟಾರ್ಚ್ ಹಾಕಿ ನಾಲಿಗೆಯಡಿ, ಕೆನ್ನೆಯೊಳಗೆ ನೋಡುತ್ತಾಳೆ. ನುಂಗಿದ್ದು ಖಾತ್ರಿಯಾದ ಮೇಲೆಯೇ ಚಾರ್ಟಿನಲ್ಲಿ ಗುರುತು.

ಇಪ್ಪತ್ತೆಂಟು ಮಂಚ, ಪಾಳಿಗೆ ಇಬ್ಬರು ನರ್ಸು. ಊಟವಾದ ಮೇಲೆ ಚಮಚಗಳನ್ನೂ ಎಣಿಸಬೇಕು. ಒಂದು ಕಡಿಮೆ ಬಂದರೂ ಯಾರೂ ಮನೆಗೆ ಹೊರಡುವಂತಿಲ್ಲ. ಅವಳು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ. ಮೊದಲ ವಾರವೇ ರೋಗಿಯೊಬ್ಬರು ತನ್ನ ಜಡೆ ಹಿಡಿದೆಳೆದಾಗ ಬಚ್ಚಲಿಗೆ ಹೋಗಿ ಅತ್ತಿದ್ದಳು. "ಸಾಯಂಕಾಲ ಅವರೇ ಕೂರಿಸಿಕೊಂಡು ಮತ್ತೆ ಜಡೆ ಹಾಕಿದ್ರು. ನಾನು ಹಾಕ್ಕೊಳ್ಳೋದಕ್ಕಿಂತ ಚೆನ್ನಾಗಿತ್ತು" ಎನ್ನುತ್ತಾಳೆ.

ಮಗಳಿಗೆ ಮಕ್ಕಳ ವಾರ್ಡಿನಲ್ಲಿ ಕೆಲಸ ಎಂದೇ ಅಮ್ಮ ನೆರೆಹೊರೆಯವರಿಗೆ ಹೇಳಿಕೊಂಡಿದ್ದಾರೆ. ಅಂಥವರ ಜೊತೆ ಇದ್ದು ಇದ್ದು ನಿನಗೂ ಅಂಟಿಕೊಂಡರೆ ಎಂದು ಚಿಕ್ಕಪ್ಪ ಕೇಳಿದರಂತೆ. "ಅಂಟೋದಾಗಿದ್ರೆ ಚಿಕ್ಕಪ್ಪ, ನಿಮ್ಮನೇಲಿದ್ದಾಗ್ಲೇ ಅಂಟಿರೋದು" ಎಂದು ಬಾಯಿ ಮುಚ್ಚಿಸಿದ್ದಾಳೆ. ಅದನ್ನು ಹೇಳುವಾಗ ನಗುತ್ತಾಳೆ. ಹನ್ನೆರಡನೇ ಮಂಚದ ಮಾತು ಬಂದೊಡನೆ ಆ ನಗು ಇಂಗಿಹೋಗುತ್ತದೆ.

ಆ ಮಂಚದಲ್ಲಿರುವುದು ನಿವೃತ್ತ ಗಣಿತ ಶಿಕ್ಷಕಿ. ವಾರ್ಡಿಗೆಲ್ಲ ಅವರು ಟೀಚರ್. ನರ್ಸ್ ಬರೆಯುವ ಚಾರ್ಟಿನೊಳಗೆ ಇಣುಕಿ, ಇದೇನು ಅಕ್ಷರವೋ ಇರುವೆ ಸಾಲೋ ಎಂದು ದಿನಾ ಬೈಯುತ್ತಿದ್ದರು. ಒಂದು ಬೆಳಿಗ್ಗೆ ನಾಲಿಗೆ ಎತ್ತಲು ಹೇಳಿದಾಗ ಅವಳ ಮುಖವನ್ನೇ ನೋಡಿದರು. "ಸುಳ್ಳು ಹೇಳಬಾರದು ಅಂತ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ನನ್ನನ್ನೇ ನಂಬಲ್ವಾ ಮಗಳೇ?"

ನಾಚಿಕೆಯಿಂದ ಅವಳು ಟಾರ್ಚನ್ನು ಜೇಬಿಗಿಳಿಸಿದಳು. ಅಂದಿನಿಂದ ನೋಡದೆಯೇ ಗುರುತು ಹಾಕುತ್ತ ಬಂದಳು.

ಟೀಚರ್ ಅವರ ದಿಂಬಿನ ಚೀಲ ಬದಲಿಸುವಾಗ ಅದರ ಬಿಚ್ಚಿದ ಹೊಲಿಗೆಯೊಳಗೆ ಹತ್ತೊಂಬತ್ತು ಮಾತ್ರೆಗಳು ಸಿಕ್ಕಿದ್ದು ಹಿರಿಯ ನರ್ಸ್ ದೊಡ್ಡಕ್ಕನ ಕೈಗೆ. ಯಾವುದಕ್ಕಾಗಿ ಕೂಡಿಟ್ಟಿದ್ದರು ಎಂದು ಅಲ್ಲಿ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ದೊಡ್ಡಕ್ಕ ಗದರಲಿಲ್ಲ. "ಮರ್ಯಾದೆ ಕೊಡು, ಟಾರ್ಚೂ ಹಾಕು. ಎರಡೂ ಒಟ್ಟಿಗೆ ಮಾಡಬಹುದು ಕಣೆ" ಎಂದರಷ್ಟೆ.

ಅವತ್ತಿನಿಂದ ಟೀಚರ್ ಅವಳೊಡನೆ ಮಾತು ಬಿಟ್ಟಿದ್ದಾರೆ. ಅವಳು ಹತ್ತಿರ ಬರುತ್ತಲೇ, ಕೇಳುವ ಮೊದಲೇ ಬಾಯಿ ತೆರೆದು ನಾಲಿಗೆ ಎತ್ತುತ್ತಾರೆ. ಕಣ್ಣು ಛಾವಣಿಯ ಮೇಲೆ. ಆಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಹೊಸಬರು ಇದೇ ವಾರ್ಡಿನಲ್ಲಿ ಮುಂದುವರಿಯುತ್ತಾರೋ ಇಲ್ಲವೋ ಎಂದು ಈ ತಿಂಗಳೊಳಗೆ ಬರೆದುಕೊಡಬೇಕು. ಬೇರೆ ವಾರ್ಡು ಬೇಕೆಂಬ ಅರ್ಜಿಯನ್ನು ಅಮ್ಮನೇ ಬರೆಸಿಟ್ಟಿದ್ದರು, ಸಹಿಯೊಂದು ಬಾಕಿ. ಒಂಬತ್ತು ದಿನ ಅದು ಬ್ಯಾಗಿನಲ್ಲೇ ಇತ್ತು. ನಿನ್ನೆ ಅದನ್ನು ಹರಿದು, ಇಲ್ಲೇ ಇರುತ್ತೇನೆ ಎಂದು ಬರೆದುಕೊಟ್ಟಿದ್ದಾಳೆ. ಅಮ್ಮನಿಗೆ ಇನ್ನೂ ಹೇಳಿಲ್ಲ. "ಈಗ ಹೋದ್ರೆ, ನನ್ನಿಂದಾನೇ ಹೋದಳು ಅಂತ ಟೀಚರ್ ಅಂದ್ಕೋತಾರೆ. ಇರೋ ಭಾರಾನೇ ಅವರಿಗೆ ಸಾಕು."

ಹನ್ನೆರಡನೇ ಮಂಚ. ಬಾಯಿ ತೆರೆಯುತ್ತದೆ, ಟಾರ್ಚ್ ಹೊತ್ತುತ್ತದೆ. ಎಡಗೆನ್ನೆ, ಬಲಗೆನ್ನೆ, ನಾಲಿಗೆಯಡಿ. ಏನೂ ಇಲ್ಲ. "ಆಯ್ತು ಟೀಚರ್." ಗೋಡೆ ಕಡೆ ತಿರುಗುವ ಮುನ್ನವೇ ಟೀಚರ್‌ಗೆ ಕಾಣುವಂತೆ ಚಾರ್ಟನ್ನು ಓರೆಯಾಗಿ ಹಿಡಿದು, ಒಂದೊಂದೇ ಅಕ್ಷರ ದುಂಡಗೆ ಬರೆಯುತ್ತಾಳೆ.

ನಿನಗೇನು ಆಸೆ ಎಂದು ಕೇಳಿದರೆ ಹೇಳುತ್ತಾಳೆ: "ಒಂದಿನ ಅವರು ಮತ್ತೆ ನನ್ನ ಅಕ್ಷರಕ್ಕೆ ಬೈಬೇಕು. ಬೈದ್ರೂ ಅಷ್ಟೇ, ನಾಲಿಗೆ ಎತ್ತಿಸದೆ ಬಿಡಲ್ಲ."