ಉಳಿದದ್ದು ಮುಖತಃ

ಕಾಕಾ ಅವರ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರಿಲ್ಲ, ಗೆರೆಗಳಿಲ್ಲ, ಬಣ್ಣ ಹಳೆಯ ಮೇಣದ್ದು. ಥಾಣೆಯ ಯಾವುದೋ ಕಾರ್ಖಾನೆಯಲ್ಲಿ ಮೆಷಿನ್ನಿಗೆ ಸಿಕ್ಕಿ ಹಾಗಾಗಿತ್ತಂತೆ. ಕುದಿಯುವ ಚಹಾದ ಲೋಟಕ್ಕೆ ತಗುಲಿದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಆ ಬೆರಳನ್ನೇ ಅವರು ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳ ಬೆನ್ನಿನ ಮೇಲೆ, ಶಾಯಿಯ ಸಾಲುಗುಂಟ ಮೆಲ್ಲಗೆ ಎಳೆಯುತ್ತಿದ್ದರು. “ಇದಕ್ಕ ಜೀವ ಇಲ್ಲ ತಂಗಿ, ಅದಕ್ಕ ಈ ಸತ್ತವರ ಮಾತು ಇದಕ್ಕ ತಿಳೀತೈತಿ,” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಡೊಂಬಿವಲಿ. ನಮ್ಮದು ಮೂರು ಮಾಳಿಗೆಯ ಬಿಲ್ಡಿಂಗು, ಪ್ರತಿ ಮಹಡಿಗೂ ಒಂದು ಉದ್ದ ಗ್ಯಾಲರಿ. ಉಡುಪಿ ಕಡೆಯ ನಾವು ಒಂದು ತುದಿ, ಬಿಜಾಪುರದ ಕಾಕಾ-ಕಾಕು ಇನ್ನೊಂದು ತುದಿ. ಅವರಿಗೆ ಮಕ್ಕಳಿರಲಿಲ್ಲ. ಬಿಲ್ಡಿಂಗಿನ ಮರಾಠಿಯವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಹೆಸರು ಕೇಳುವ ಪ್ರಸಂಗವೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಕಾಕಾ ಉಲ್ಹಾಸನಗರದ ಬಜಾರಿಗೆ ಹೋಗುತ್ತಿದ್ದರು. ದೇಶ ವಿಭಜನೆಯಾದಾಗ ಗಡಿ ದಾಟಿ ಬಂದವರು ಟ್ರಂಕಿನಲ್ಲಿ ಹೊತ್ತು ತಂದಿದ್ದ ಆಲ್ಬಮ್ಮುಗಳು ಅಷ್ಟು ವರ್ಷಗಳ ಮೇಲೆ ರದ್ದಿ ಅಂಗಡಿಗೆ ಬಂದು ಬೀಳುತ್ತಿದ್ದವು. ಅವುಗಳಲ್ಲಿ ಬ್ರಿಟಿಷರ ಕಾಲದ ಕಾರ್ಡುಗಳು: ಕೈಯಿಂದ ಬಣ್ಣ ಹಾಕಿದ ಸಮುದ್ರ, ಗುಡ್ಡ, ಕುದುರೆ ಗಾಡಿ. ಚಿತ್ರಗಳ ಕಡೆ ಕಾಕಾ ನೋಡುತ್ತಲೇ ಇರಲಿಲ್ಲ. ಅವರಿಗೆ ಬೇಕಾದದ್ದು ಹಿಂದಿನ ಬರಹ. ಅದು ಇಂಗ್ಲಿಷಿನಲ್ಲಿರುತ್ತಿತ್ತು, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು, ನನ್ನ ಹ್ಯಾಂಡ್‌ರೈಟಿಂಗಿಗೆ ಸಿಸ್ಟರುಗಳು ಪ್ರೈಜು ಕೊಟ್ಟಿದ್ದರು. ಹಾಗಾಗಿ ಸಂಜೆ ಆಫೀಸಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಗ್ಯಾಲರಿಯ ಆ ತುದಿಯಿಂದ ಕರೆ ಬರುತ್ತಿತ್ತು. “ತಂಗಿ, ಒಬ್ಬರು ಬಂದಾರ, ಬಾ.”

ಒಂದು ಕಾರ್ಡು ಬಂತು ಎನ್ನುತ್ತಿರಲಿಲ್ಲ. ಒಬ್ಬರು ಬಂದಾರ.

ಬಂದವರು ಹೇಳುವುದೋ, ತೀರಾ ಆರ್ಡಿನರಿ ಸಂಗತಿ. ಸುಖವಾಗಿ ಮುಟ್ಟಿದೆ. ಹಲ್ಲುನೋವು ಕಡಿಮೆ. ಕೊಡೆಯನ್ನು ಹಜಾರದಲ್ಲೇ ಮರೆತೆ, ಪಪ್ಪ ಅದನ್ನು ಬಳಸದಂತೆ ನೋಡಿಕೋ. ನಾನು ಓದಿ ಕನ್ನಡದಲ್ಲಿ ಹೇಳಿದ ಕೂಡಲೇ ಕಾಕಾ ಕಾರ್ಡಿನ ಕಡೆ ಬಾಗಿ ಉತ್ತರ ಕೊಡುತ್ತಿದ್ದರು. “ನಾವೂ ಕ್ಷೇಮ ಅದೀವ್ರಿ. ನಿಮ್ಮ ಅಪ್ಪಾರು ಛತ್ರಿ ಮುಟ್ಟಂಗಿಲ್ಲ, ಕಾಳಜಿ ಮಾಡಬ್ಯಾಡ್ರಿ.” ಆಮೇಲೆ ತಲೆ ಒಂದು ಪಕ್ಕ ವಾಲಿಸಿ ಸುಮ್ಮನೆ ಕೂರುತ್ತಿದ್ದರು. ಒಳಗೆ ಕಾಕು ಒಗ್ಗರಣೆ ಸೌಟು ತಿರುವುವುದನ್ನು ನಿಲ್ಲಿಸುತ್ತಿದ್ದಳು. ಸ್ಟೇಷನ್ ಕಡೆಯಿಂದ ಲೋಕಲಿನ ಸದ್ದು ಬಂದು ಹೋಗುತ್ತಿತ್ತು. “ಹೂಂ, ಮುಟ್ಟಿತು,” ಎಂದು ಕಾಕಾ ಕಾರ್ಡನ್ನು ಬಿಸ್ಕೀಟಿನ ಡಬ್ಬಿಯೊಳಗೆ ಮಲಗಿಸಿದ ಮೇಲೆಯೇ ಸೌಟು ಮತ್ತೆ ಆಡುತ್ತಿತ್ತು.

ಆನೆಸ್ಟ್ಲಿ, ಮೊದಮೊದಲು ನನಗೆ ಇದೆಲ್ಲ ಸಿಲ್ಲಿ ಅನ್ನಿಸುತ್ತಿತ್ತು. ಒಂದು ಸಂಜೆ ನಾನು ಓದುವ ಮೊದಲೇ ಅವರು ಬೆರಳು ಎಳೆದು, “ಈಕಿ ಅಳಕೋತ ಬರದಾಳ,” ಎಂದರು. ನಾನು ಓದಿದೆ. ಎಲ್ಲರೂ ಚೆನ್ನಾಗಿದ್ದೇವೆ, ವಿಶೇಷವೇನಿಲ್ಲ ಎಂದಷ್ಟೇ ಇತ್ತು. ನಕ್ಕುಬಿಟ್ಟೆ. ಕಾಕಾ ಕಾರ್ಡನ್ನು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿಸಿದರು. ‘ಚೆನ್ನಾಗಿದ್ದೇವೆ’ ಎಂಬಲ್ಲಿ ಹನಿ ಬಿದ್ದು ಶಾಯಿ ಉರುಟಾಗಿ ಹರಡಿತ್ತು. ಆ ದಿನದಿಂದ ನಾನೂ ಓದಿ ಮುಗಿಸಿ ಕಾಯತೊಡಗಿದೆ, ಮುಟ್ಟಲಿ ಎಂದು.

ಅವರಿಗೆ ಒಂದೇ ಒಂದು ತಕರಾರು. “ಇಂಗ್ಲಿಷಿನವರ ಪತ್ರಕ್ಕ ತಲೀನೂ ಇಲ್ಲ, ಕಾಲೂ ಇಲ್ಲ ನೋಡು.” ಅವರ ಲೆಕ್ಕದಲ್ಲಿ ಪತ್ರದ ತಲೆ ಎಂದರೆ ‘ಕ್ಷೇಮ’, ಕಾಲು ಎಂದರೆ ‘ಉಳಿದದ್ದು ಮುಖತಃ’. ಎರಡೂ ಇಲ್ಲದೆ ಕನ್ನಡದಲ್ಲಿ ಬರುವುದು ಸಾವಿನ ಕಾರ್ಡು ಒಂದೇ. ಅದನ್ನು ಹೊಸ್ತಿಲ ಹೊರಗೆ ನಿಂತು ಓದಬೇಕು, ಅಲ್ಲೇ ಹರಿದು ಹಾಕಬೇಕು, ಸ್ನಾನ ಮಾಡಿ ಒಳಗೆ ಬರಬೇಕು.

ಇದನ್ನು ನಾನು ಹತ್ತು ಸಲವಾದರೂ ಕೇಳಿದ್ದೆ. ಆದರೂ ಮರೆತೆ.

ಮದುವೆಯಾಗಿ ನಾನು ಥಾಣೆಯ ನೌಪಾಡಾಕ್ಕೆ ಹೋದೆ. ಆ ಚಳಿಗಾಲ ಗಂಡನ ಜೊತೆ ಮಾಥೇರಾನಿಗೆ ಹೋಗಿದ್ದಾಗ ಒಂದು ಪಿಕ್ಚರ್ ಪೋಸ್ಟ್‌ಕಾರ್ಡು ಕೊಂಡೆ. ಮಂಜು ತುಂಬಿದ ಕಣಿವೆ, ಎದುರಿಗೆ ಒಂದು ಖಾಲಿ ಬೆಂಚು. ಕಾಕಾ ಅವರಿಗೆ ಬದುಕಿರುವವರ ಕಾರ್ಡು ಒಂದಾದರೂ ಹೋಗಲಿ, ತಾವೇ ಓದಿಕೊಳ್ಳಲಿ ಎಂದು ಕನ್ನಡದಲ್ಲೇ ಬರೆದೆ. ಡಬ್ಬಿಯಲ್ಲಿದ್ದ ಅರ್ಧ ಕಾರ್ಡುಗಳಲ್ಲಿ ‘ವಿಶ್ ಯು ವರ್ ಹಿಯರ್’ ಇರುತ್ತಿತ್ತು. ಅದನ್ನೇ ನನ್ನ ಕನ್ನಡಕ್ಕೆ ತಿರುಗಿಸಿದೆ. “ಕಾಕಾ, ಇಲ್ಲಿ ತುಂಬಾ ತಂಪು. ನೀವು ಇರಬೇಕಿತ್ತು.” ಕೆಳಗೆ ಸೈನು. ಅಷ್ಟೇ.

ಎರಡು ವಾರ ಬಿಟ್ಟು ತವರಿಗೆ ಹೋದರೆ ಗ್ಯಾಲರಿಯಲ್ಲೇ ಕಾಕು ತಡೆದಳು.

“ಏನ ಬರದ್ಯವಾ ನೀನು? ಇರೂ ಮನಷ್ಯಾಗ ಇರಬೇಕಿತ್ತು ಅಂತಾರೇನ? ಕ್ಷೇಮ ಅಂತ ಒಂದ ಅಕ್ಷರ ಇಲ್ಲ.”

ನಾವೂ ಸಾವಿನ ಮನೆಯಲ್ಲಿ ಎಷ್ಟು ಸಲ ಆ ಮಾತು ಆಡಿದ್ದೇವೆ. ಇವತ್ತು ಅವರು ಇರಬೇಕಿತ್ತು.

ಕಾಕಾ ಬಾಗಿಲಲ್ಲೇ ನಿಂತು ಜೋರಾಗಿ ಓದಿದ್ದರಂತೆ. ಹರಿದು ಹಾಕಿ ಮೈ ತೊಳಕೊಳ್ಳಿ ಎಂದು ಕಾಕು ಹಟ ಹಿಡಿದಾಗ, “ಸತ್ತಾಂವ ನಾನ, ಜಳಕಾ ಮಾಡಾಂವನೂ ನಾನ ಏನ?” ಎಂದು ಕೇಳಿ ಕಾರ್ಡು ಹಿಡಿದುಕೊಂಡೇ ಒಳಗೆ ಬಂದಿದ್ದರು. ಅದರ ಮಾರನೆಯ ದಿನ ಕೆಮ್ಮು ಹಿಡಿಯಿತು.

ಒಳಗೆ ಅವರು ಮಂಚದ ಮೇಲಿದ್ದರು. ನನ್ನ ಕಾರ್ಡು ಎದೆಯ ಮೇಲಿತ್ತು. ಆ ಬೆರಳು ನನ್ನ ಅಕ್ಷರದ ಮೇಲೆ ಓಡಾಡುತ್ತಿತ್ತು.

“ಕಾಕಾ, ಇಂಗ್ಲಿಷಿನಲ್ಲಿ ಅದು ಒಳ್ಳೇ ಮಾತು,” ಎಂದೆ.

“ಇಂಗ್ಲಿಷಿನ್ಯಾಗ ಬರೀಬೇಕಿತ್ತು. ತಿಳೀತಿದ್ದಿಲ್ಲ, ಆರಾಮ ಇರ್ತಿದ್ದೆ.” ನಕ್ಕರು, ನಕ್ಕದ್ದು ಕೆಮ್ಮಾಯಿತು. “ನಿನ್ನ ಕಾರ್ಡು ಸ್ವಲ್ಪ ಲಗೂ ಬಂದೈತಿ ತಂಗಿ, ಅಷ್ಟ. ಉತ್ತರಾ ಬರೀತೀನಿ. ಬಂದ ಕಾರ್ಡಿಗೆ ಉತ್ತರಾ ಕೊಡದ ಬಿಟ್ಟೀನೇನ ನಾ?”

ಮೂರು ವಾರದಲ್ಲಿ ಹೋದರು. ಶ್ವಾಸಕೋಶ ಮೊದಲೇ ಹಾಳಾಗಿತ್ತು ಎಂದು ಡಾಕ್ಟರು ಹೇಳಿದರು. ಕಾಕು ಅದನ್ನು ಕೇಳಿಸಿಕೊಳ್ಳಲಿಲ್ಲ. ಹೆಣದ ಮುಂದೆ ನಾನು ಕೂತಾಗ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದಳು. ನನ್ನ ತಾಯಿ ಕೂಡ ಮನೆಗೆ ಬಂದು, “ನಿನಗೆ ಆ ಎರಡು ಮಾತು ಬರೆಯಲಿಕ್ಕೆ ಏನಾಗಿತ್ತು ಮಗಾ?” ಎಂದು ಕೇಳಿದಳು. ಅನ್ನ ಕಲಸಿದರೆ ಬೆರಳಿಗೆ ಬಿಸಿ ತಿಳಿಯುತ್ತಿದೆಯೇ ಎಂದು ನೋಡಿಕೊಳ್ಳುವ ಹಾಗಾಗಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ನೌಪಾಡಾದ ಮನೆಯ ಬಾಗಿಲ ಸಂದಿಯಿಂದ ಒಂದು ಕಾರ್ಡು ಒಳಗೆ ಜಾರಿತು. ಕೈಯಿಂದ ಬಣ್ಣ ಹಾಕಿದ ಹಳೆಯ ಚಿತ್ರ, ಒಬ್ಬರೂ ಇಲ್ಲದ ರೈಲ್ವೆ ಪ್ಲಾಟ್‌ಫಾರ್ಮು. ಸ್ಟಾಂಪು ಹೊಸದು. ಅಂಚೆ ಮುದ್ರೆ ಕಲಸಿಹೋಗಿ ತಾರೀಕು ಕಾಣುತ್ತಿರಲಿಲ್ಲ. ನಾನು ಬಾಗಿಲು ತೆಗೆದು ಹೊಸ್ತಿಲಾಚೆ ಹೋಗಿ ನಿಂತು ಓದಿದೆ. ಅಕ್ಷರ ಕಾಕಾ ಅವರದು.

“ಕ್ಷೇಮ. ತಂಗಿ, ಇಲ್ಲೂ ತಂಪು ಐತಿ. ನೀ ಇರಬೇಕಂತೇನಿಲ್ಲ. ಉಳಿದದ್ದು ಮುಖತಃ.”

ತಲೆಯೂ ಇತ್ತು, ಕಾಲೂ ಇತ್ತು. ಒಳಗೆ ತರಬಹುದಾದ ಕಾರ್ಡು. ಆದರೆ ಒಳಗೆ ಹೋಗುವ ಬದಲು ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ಹೋದೆ, ಸಿಕ್ಕ ಸ್ಲೋ ಲೋಕಲು ಹತ್ತಿ ಡೊಂಬಿವಲಿಗೆ ಬಂದೆ. ಕಾಕುಗೆ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದು ಕೈಸನ್ನೆ ಮಾಡಿದಳು. ಇನ್ನೊಮ್ಮೆ ಓದಿದೆ. ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

“ಕಾಕು, ಇದನ್ನು ಅಂಚೆ ಪೆಟ್ಟಿಗೆಗೆ ನೀವೇ ಹಾಕಿದಿರಾ?”

“ನಾ ಹಾಕಿಲ್ಲವಾ. ಅವರೂ ಮಂಚಾ ಬಿಟ್ಟು ಇಳಿದಿಲ್ಲ.” ಕಾರ್ಡನ್ನು ನನಗೆ ವಾಪಸ್ಸು ಕೊಟ್ಟು, “ನೀ ಇರಬೇಕಂತೇನಿಲ್ಲ ಅಂದಾರ. ಅಂದ ಮ್ಯಾಲ ನಿನ್ನ ಮ್ಯಾಲ ಏನೂ ಇಲ್ಲ ಬಿಡು,” ಎಂದು ಎದ್ದು ಚಹಾಕ್ಕೆ ಇಟ್ಟಳು. ಸಾವಿನ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತುಗಳು ಅವು. ಹೊರಡುವಾಗ ಬಿಸ್ಕೀಟಿನ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದಳು.

ಕಾರ್ಡು ಯಾರು ಹಾಕಿದರು ಎಂದು ನಾನು ಮತ್ತೆ ಯಾರನ್ನೂ ಕೇಳಲಿಲ್ಲ. ಡಬ್ಬಿಯಲ್ಲಿರುವವರಿಗೆಲ್ಲ ಆಗಾಗ ಸಂಜೆ ಉತ್ತರ ಕೊಡುತ್ತೇನೆ, ಕೊಡೆ ಮರೆತವಳಿಗೂ, ಅಳುತ್ತ ಬರೆದವಳಿಗೂ. ಕಾಕಾ ಅವರ ಕಾರ್ಡಿಗೆ ಮಾತ್ರ ಇನ್ನೂ ಕೊಟ್ಟಿಲ್ಲ. ಈಚೆಗೆ ಅದರ ಮೇಲೆ ಬೆರಳು ಎಳೆದರೆ ಕಾಗದದ ತರಿ ಅಷ್ಟಾಗಿ ತಿಳಿಯುವುದಿಲ್ಲ. ವಯಸ್ಸಿಗೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಉತ್ತರವನ್ನು ನಾನು ಬರೆಯಲು ಹೋಗುವುದಿಲ್ಲ. ಮುಖತಃ ಎಂದು ಅವರೇ ಹೇಳಿದ್ದಾರಲ್ಲ.