ಊಟದ ಹೊತ್ತಿನಲ್ಲಿ ಕೊಂಡ ದೀಪ

ಪುಣೆಯ ಈ ಓಣಿ ಪೇಶ್ವೆಯರ ಕಾಲದ್ದಂತೆ. ಇರಬಹುದು, ಎರಡು ಸ್ಕೂಟರ್ ಎದುರಾದರೆ ನಡೆಯುವವರು ಗೋಡೆಗೆ ಅಂಟಿಕೊಳ್ಳಬೇಕು. ಮೊಮ್ಮಗಳ ಮದುವೆಗೆ ನನಗೆ ಎತ್ತರದ ಹಿತ್ತಾಳೆ ದೀಪ ಬೇಕಿತ್ತು. ಮೂರಕ್ಕೆ ಸೋಲಾಪುರದ ರೈಲು. ಒಂದಕ್ಕೆ ಅಂಗಡಿಗಳೆಲ್ಲ ಬಾಗಿಲು ಹಾಕತೊಡಗಿದವು. ಯಾರೂ ಸತ್ತಿರಲಿಲ್ಲ; ಊಟ, ನಿದ್ದೆ, ದಿನವೂ ಹೀಗೇ ಅಂತೆ. ನಮ್ಮ ಅಕ್ಕಲಕೋಟದಲ್ಲಿ ಬಾಯಲ್ಲಿ ತುತ್ತಿದ್ದರೂ ಅಂಗಡಿಯವನು ಗಿರಾಕಿಯನ್ನು ಬಿಡುವುದಿಲ್ಲ.

"ನಾಲ್ಕಕ್ಕ ಬರ್ರಿ, ಆಜಿ," ಎಂದು ಪಾತ್ರೆ ಅಂಗಡಿಯವನು ಮರಾಠಿಯಲ್ಲಿ ಹೇಳಿ ಶಟರಿಗೆ ಕೈ ಹಾಕಿದ. ನಾನು ಹೊಸ್ತಿಲ ಮೇಲೆ ಕೂತು ರೊಟ್ಟಿ ಗಂಟು ಬಿಚ್ಚಿದೆ.

"ಅಕ್ಕಾ, ಏಳ ಬೇ, ಮಂದಿ ನೋಡಾಕತ್ತಾರ," ಎಂದಳು ಜೊತೆಗೆ ಬಂದ ತಂಗಿ.

"ನೋಡ್ಲಿ." ಅಂಗಡಿಯವನಿಗೆ ಮರಾಠಿಯಲ್ಲೇ ಅಂದೆ, "ಸಾವಕಾರ, ನೀವೂ ಇಲ್ಲೇ ಉಣ್ಣ ಬರ್ರಿ, ಶೇಂಗಾ ಚಟ್ನಿ ಐತಿ."

ಅವನು ನಕ್ಕು, ತನ್ನ ಊಟದ ಡಬ್ಬಿ ತಂದು ಎದುರಿಗೇ ಕೂತ. ಚಟ್ನಿ ಹಚ್ಚಿಕೊಂಡ ಎಂಜಲ ಕೈಯಿಂದ ದೀಪ ಮುಟ್ಟುವಂತಿಲ್ಲ. ಗದ್ದದಿಂದಲೇ ಒಂದನ್ನು ತೋರಿಸಿದ. ಅದು ನೋಡಿದರೇ ಹಗುರ. ನಾನಿನ್ನೂ ತುತ್ತು ಮುಟ್ಟಿರಲಿಲ್ಲ. ಎದ್ದು ಹಿಂದಿನ ಸಾಲಿನ ಭಾರದ್ದನ್ನು ಇಳಿಸಿದೆ.

"ಆಜಿ, ಅದು ಮಾರಾಕಲ್ಲ, ಮಂದಿಗೆ ತೋರಸಾಕ ಇಟ್ಟೀನಿ!"

"ತೋರಿಸಿದ್ದಾತು. ಕೈ ತೊಳಕೊಂಡ ಬಂದು ತೂಗ್ರಿ," ಎಂದೆ.