ಹೋರಿ ತಿಂದ ಎಡಗಡೆಯ ಕಟ್ಟು

1966ನೇ ಇಸವಿಯ, ತಮಿಳರ ಆವಣಿ ತಿಂಗಳಿನ ಒಂದು ಶುಕ್ರವಾರ, ಬೆಳಿಗ್ಗೆ ಏಳೂ ಮುಕ್ಕಾಲು ಗಂಟೆಗೆ ನಾನು ದಿಂಡಿಗಲ್ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನಮ್ಮ ಕಡೆಯ ಕಂಬಂ ಊರಿಗೆ ಹೊರಡುವ ಬಸ್ಸಿನ ಹಿಂಬಾಗಿಲ ಎದುರು, ಕಾಫಿ ಅಂಗಡಿಯ ಬೆಂಚಿನಿಂದ ನಾಲ್ಕು ಹೆಜ್ಜೆ ಈಚೆಗೆ. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಏಳೂ ಐವತ್ತಕ್ಕೆ ಹೊರಡುವ ಬಸ್ಸು, ಇನ್ನು ಐದೇ ನಿಮಿಷ ಎಂದು ಕಂಡಕ್ಟರು ಆಗ ತಾನೇ ಕೂಗಿದ್ದರು. ಅಲ್ಲಿ ನಡೆದದ್ದನ್ನು ಬರೆಯುವ ಮೊದಲು ನಾನು ಮಾಡಿದ ತಪ್ಪನ್ನು ಬರೆಯಬೇಕು. ಅದನ್ನು ಬಿಟ್ಟು ಬರೆದರೆ ನಮ್ಮ ದೇವರಾದ ತಂಬಿರಾನ್ ಸ್ವಾಮಿಯ ಕೃಪೆ ಎಷ್ಟು ದೊಡ್ಡದೆಂದು ಓದುವವರಿಗೆ ತಿಳಿಯುವುದಿಲ್ಲ.

ನಮ್ಮವರು ಕನ್ನಡ ಮಾತಾಡುತ್ತ ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದಾಗ ಸ್ವಾಮಿಯ ದನಗಳನ್ನೂ ಹೊಡೆದುಕೊಂಡು ಬಂದರೆಂದು ಹಿರಿಯರು ಹೇಳುತ್ತಾರೆ. ಆ ಮಂದೆಯ ಹಸುಗಳ ಹಾಲನ್ನು ಯಾರೂ ಕರೆಯುವುದಿಲ್ಲ, ಹೋರಿಗಳನ್ನು ಉಳಲು ಹೂಡುವುದಿಲ್ಲ. ಮಂದೆಗೆ ಒಂದು ಪಟ್ಟದ ಹೋರಿ ಇರುತ್ತದೆ. ನಮ್ಮ ಮನೆಯಲ್ಲಿ ಎರಡು ದಾರಿ ಎದುರಾಗಿ ಇತ್ಯರ್ಥವಾಗದೆ ಹೋದರೆ ಆ ಹೋರಿಯ ಮುಂದೆ ಕಬ್ಬಿನ ಎರಡು ಕಟ್ಟು ಇಟ್ಟು ಕೇಳುವುದು ವಾಡಿಕೆ. ಯಾವ ಕಟ್ಟಿಗೆ ಯಾವ ದಾರಿ ಎಂಬುದನ್ನು ಕೇಳುವವನು ಮನಸ್ಸಿನಲ್ಲೇ ಗೊತ್ತುಮಾಡಿಕೊಳ್ಳಬೇಕು, ಬಾಯಿಬಿಟ್ಟು ಹೇಳಬಾರದು. ಹೋರಿ ಮೊದಲು ಬಾಯಿ ಹಾಕಿದ ಮೇಲೆ ಅವನೇ ಎಲ್ಲರಿಗೂ ಹೇಳುತ್ತಾನೆ. ಅವನ ಮಾತಿಗೆ ಬೇರೆ ಸಾಕ್ಷಿ ಕೇಳುವುದಿಲ್ಲ.

ಆ ವರ್ಷ ಮದರಾಸಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ನನಗೆ ಎಂ.ಎ.ಗೆ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲೂ ಜಾಗ ಕೊಟ್ಟಿದ್ದರು. ಅಪ್ಪನಿಗೆ ನಾನು ಹಾಸ್ಟೆಲಿನಲ್ಲೇ ಇರಬೇಕೆಂದು ಆಸೆ. "ಬೆಲ್ಲು ಇರ್ತೈತಿ, ಹಾಜರಿ ಇರ್ತೈತಿ, ಯಾರಾದ್ರೂ ಕೇಳೋರು ಇರ್ತಾರೆ," ಎನ್ನುತ್ತಿದ್ದರು. ನನಗೆ ಅದೇ ಬೇಡವಾಗಿತ್ತು. ನಿಲಕ್ಕೋಟ್ಟೈ ಕಡೆಯ ಹೂವಿನ ತೋಟದವರ ಮಗ ಸುಬ್ಬು ನನ್ನ ಜೊತೆ ಓದಲು ಬರುವವನಿದ್ದ. ಇಬ್ಬರೂ ಹೊರಗೆ ರೂಮು ಹಿಡಿದು, ನಾವೇ ಬೇಯಿಸಿಕೊಂಡು ತಿಂದು, ಇಷ್ಟ ಬಂದಾಗ ಓದುವುದೆಂದು ಮಾತಾಗಿತ್ತು. ಮನೆಯಲ್ಲಿ ಎಂಟು ದಿನ ಜಗಳವಾಯಿತು. ಕೊನೆಗೆ ಅವ್ವ, "ಸಾಕು, ಹೋರಿನ್ನ ಕೇಳು," ಎಂದಳು.

ಮಂದೆಯ ದೊಡ್ಡಿಯಲ್ಲಿ ಎರಡು ಕಟ್ಟು ಇಟ್ಟೆ. ಎಡಗಡೆಯದು ಹಾಸ್ಟೆಲು, ಬಲಗಡೆಯದು ರೂಮು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ದನ ಕಾಯುವ ರಂಗಯ್ಯ ದೊಡ್ಡಪ್ಪ ಹೋರಿಯನ್ನು ಬಿಟ್ಟರು. ಅದು ಬಲಗಡೆಯದನ್ನು ಮೂಸಿತು, ತಿನ್ನಲಿಲ್ಲ. ಎಡಗಡೆಯದಕ್ಕೆ ಬಾಯಿ ಹಾಕಿತು.

"ಏನ್ ಬಂತು ಮಗಾ?" ಎಂದಳು ಅವ್ವ.

"ರೂಮು," ಎಂದೆ.

ಅಪ್ಪ ಹೆಗಲ ಮೇಲಿನ ಟವೆಲು ಕೊಡವಿ ಮನೆಗೆ ನಡೆದರು. ಮಾರನೆಯ ದಿನ ಹಾಸ್ಟೆಲಿನ ಜಾಗ ಬೇಡವೆಂದು ತಾವೇ ನನ್ನ ಕೈಯಲ್ಲಿ ಕಾಗದ ಬರೆಸಿದರು.

ಮದರಾಸಿಗೆ ಹೋದ ಮೇಲೆ ನಾನು ಎಲ್ಲಿಯೂ ನೆಲೆನಿಲ್ಲಲಿಲ್ಲ. ಮೊದಲನೆಯದು ಒಬ್ಬ ವಿಧವೆಯ ಮನೆಯ ಹಿಂಭಾಗದ ಕೋಣೆ. ಅವರ ಮಗಳು ಹೆರಿಗೆಗೆ ಬಂದಳು, ನಾವು ಬಿಡಬೇಕಾಯಿತು. ಎರಡನೆಯದು ಸೈಕಲ್ ಅಂಗಡಿಯ ಮಹಡಿ. ದಿನವಿಡೀ ಕೆಳಗೆ ಸುತ್ತಿಗೆ ಸದ್ದು, ಓದಲು ಆಗಲಿಲ್ಲ. ಮೂರನೆಯದು ಒಂದು ಮನೆಯ ತಾರಸಿಯ ಮೇಲೆ ಹಾಕಿದ್ದ ತೆಂಗಿನ ಓಲೆಯ ಗುಡಿಸಲು. ಎರಡೂವರೆ ತಿಂಗಳಲ್ಲಿ ಮೂರು ಬಾರಿ ಟ್ರಂಕು ಹೊತ್ತೆ. ರೂಮು ಬದಲಿಸಿದಾಗಲೆಲ್ಲ ಹೊಸ ವಿಳಾಸ ಬರೆಯಬೇಕೆಂದು ಕಾರ್ಡು ತೆಗೆಯುತ್ತಿದ್ದೆ. ಬರೆದರೆ ಅಪ್ಪ, "ಹೋರಿ ಹೇಳಿದ ರೂಮು ಇಷ್ಟೇನಾ?" ಎಂದು ಕೇಳಿಯಾರೆಂಬ ಭಯದಿಂದ ಬರೆಯುತ್ತಿರಲಿಲ್ಲ. ಮನೆಯವರ ಹತ್ತಿರ ಇದ್ದದ್ದು ಮೊದಲ ವಿಳಾಸ ಒಂದೇ.

ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಪುಸ್ತಕ ತೆರೆದರೆ ಒಂದೇ ಪುಟ. ಹಾಸ್ಟೆಲಿನ ಮುಂದಿನ ರಸ್ತೆ ಬಿಟ್ಟು ಸುತ್ತುಬಳಸಿ ತರಗತಿಗೆ ಹೋಗುತ್ತಿದ್ದೆ. ಅದು ಕಾಯಿಲೆ ಎಂದು ಸುಬ್ಬು ಅಂದುಕೊಂಡ. ಆ ಶುಕ್ರವಾರದ ಹಿಂದಿನ ದಿನ, ಗುರುವಾರ ಮಧ್ಯಾಹ್ನ ಮಳೆ ಬಂದು ಓಲೆ ಸೋರಿತು. ನೀರು ಬೀಳದ ಒಂದು ಮೂಲೆಯಲ್ಲಿ ಮೊಣಕಾಲು ಹಿಡಿದು ಕುಳಿತಿದ್ದಾಗ ನನಗೆ ತಡೆಯಲಾಗಲಿಲ್ಲ. "ತಂಬಿರಾನೇ, ನಿನ್ನ ಹೋರಿಯ ಹೆಸರಿನಲ್ಲಿ ಸುಳ್ಳು ಹೇಳಿದೆ. ನನ್ನ ತಪ್ಪು ನನ್ನ ಮೇಲೇ ಇರಲಿ, ಮನೆಯವರ ಮೇಲೆ ಹಾಕಬೇಡ. ಬಂದು ಒಪ್ಪಿಕೊಳ್ಳುತ್ತೇನೆ," ಎಂದು ಬಾಯಿಬಿಟ್ಟು ಹೇಳಿದೆ. ಸುಬ್ಬು ಎದುರಿಗೇ ಇದ್ದ. ಅವನಿಗೆ ನಮ್ಮ ಕನ್ನಡ ಅರ್ಥವಾಗದು. ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ.

"ಒಂದು ಕಟ್ಟು ಕಬ್ಬಿಗೆ ಎರಡು ತಿಂಗಳಿಂದ ಉಪವಾಸವೇನೋ?" ಎಂದು ಅವನು ನಕ್ಕ. ನಾನು ನಗಲಿಲ್ಲ. ಅವನೂ ನಗುವುದು ನಿಲ್ಲಿಸಿದ. "ನಾಳೆ ಪರೀಕ್ಷೆ ಇದೆ."

"ಗೊತ್ತು."

"ಹಾಗಾದರೆ ಸಂಜೆ ರೈಲಿಗೇ ಹೋಗು. ಇಲ್ಲಿದ್ದರೂ ನೀನು ಏನೂ ಬರೆಯುವುದಿಲ್ಲ."

ಹೀಗೆ ನಾನು ಶುಕ್ರವಾರ ಬೆಳಿಗ್ಗೆ ದಿಂಡಿಗಲ್ಲಿನಲ್ಲಿ ಇಳಿದೆ. ಊರಲ್ಲಿ ಏನಾಗಿದೆ ಎಂಬುದು ನನಗೆ ಎಳ್ಳಷ್ಟೂ ತಿಳಿದಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಹಲವರು "ನಿನಗೆ ಕನಸು ಬಿದ್ದಿತ್ತಾ?" ಎಂದು ಕೇಳಿದರು. ಯಾವ ಕನಸೂ ಬೀಳಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಪೇಟೆಯಲ್ಲಿ ಹೂವು ಮಾರಿ ನಿಲಕ್ಕೋಟ್ಟೈಗೆ ಹಿಂತಿರುಗುತ್ತಿದ್ದ ಒಬ್ಬ ಹೆಂಗಸು ಐದು ಖಾಲಿ ಬುಟ್ಟಿಗಳೊಂದಿಗೆ ಹತ್ತಿದಳು. ತಮಿಳಿನಲ್ಲಿ ನನ್ನನ್ನು ಗದರಿಸಿದಳು. "ಏ ತಂಬಿ, ಕಾಲು ಎತ್ತು. ನೋಡಿದರೆ ಬಿ.ಎ. ಓದಿದ ಹಾಗಿದ್ದೀಯ, ಬುಟ್ಟಿಗೆ ಜಾಗ ಬಿಡೋದು ಹೇಳಿಕೊಡಲಿಲ್ಲವಾ?"

"ಎಂ.ಎ.," ಎಂದೆ, ಯಾಕೆ ಹೇಳಿದೆನೋ.

"ಹಾಗಾದರೆ ಇನ್ನೂ ಜಾಸ್ತಿ ಸರಿದುಕೋ. ಇಲ್ಲದಿದ್ದರೆ ಕೆಳಗಿಳಿದು ಒಂದು ಲೋಟ ಕಾಫಿ ಕುಡಿದು ಬಾ. ಮುಖ ಒಣಗಿದ ಬದನೆಕಾಯಿ ಆಗಿದೆ. ನಿನ್ನ ಸೀಟನ್ನು ನಾನು ನುಂಗೋದಿಲ್ಲ."

ಸುತ್ತ ಕುಳಿತವರು ನಕ್ಕರು. ನಾಚಿಕೆಯಿಂದ ಎದ್ದು, ಸೀಟಿನ ಮೇಲೆ ಟವೆಲು ಹಾಕಿ ಇಳಿದೆ. ಆಗಲೇ ನಾನು ಮೊದಲು ಹೇಳಿದ ಜಾಗದಲ್ಲಿ ನಿಂತದ್ದು. ಕಾಫಿ ಅಂಗಡಿಯಲ್ಲಿ ಒಬ್ಬ ಹೆಂಗಸು ಹಿತ್ತಾಳೆಯ ಚೊಂಬಿಗೆ ಬಿಸಿನೀರು ಹಾಕಿಸಿಕೊಂಡು ಈ ಕಡೆ ತಿರುಗಿದಳು. ಕೊಂಬೈ ಎಂಬ ಊರಿಗೆ ಕೊಟ್ಟಿದ್ದ ನನ್ನ ಅಕ್ಕ ಚಿನ್ನಮ್ಮ. ನನ್ನನ್ನು ನೋಡಿ ಚೊಂಬನ್ನು ಬೆಂಚಿನ ಮೇಲೆ ಇಟ್ಟು ಹತ್ತಿರ ಬಂದಳು.

"ತಮ್ಮಾ! ತಂತಿ ಸಿಕ್ತಾ?"

"ಯಾವ ತಂತಿ?"

ಅವಳು ಅಳುತ್ತಲೇ ನನ್ನ ತೋಳು ಹಿಡಿದು ಎಳೆದುಕೊಂಡು ನಡೆದಳು. ಮಂಗಳವಾರ ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ರಕ್ತ ಕಾರಿಕೊಂಡು ಬಿದ್ದಿದ್ದರು. ಹೊಟ್ಟೆಯ ಹುಣ್ಣು ಒಡೆದಿತ್ತು. ಪರಿಚಯದ ಕಾಂಪೌಂಡರ್ ಒಬ್ಬರು ದಿಂಡಿಗಲ್ಲಿನಲ್ಲಿ ಇದ್ದುದರಿಂದ ಅಲ್ಲಿಯ ಒಂದು ಆಸ್ಪತ್ರೆಗೆ ಕರೆತಂದಿದ್ದರು. ಬುಧವಾರ ನನಗೆ ತಂತಿ ಕೊಟ್ಟರು. ಕೊಟ್ಟದ್ದು ಮೊದಲ ವಿಳಾಸಕ್ಕೆ.

ಅಪ್ಪನ ಮುಖ ತೊಳೆದ ಬಟ್ಟೆಯಂತೆ ಬಿಳಿಚಿಕೊಂಡಿತ್ತು. ಅವ್ವ ಮಂಚದ ಕಾಲು ಹಿಡಿದು ನೆಲದ ಮೇಲೆ ಕುಳಿತಿದ್ದಳು. ರಂಗಯ್ಯ ದೊಡ್ಡಪ್ಪ ಬಾಗಿಲಲ್ಲಿದ್ದರು. ಕೊಯ್ದು ಹೊಲಿಯಬೇಕು, ರಕ್ತ ಕೊಡದೆ ಕೊಯ್ಯುವ ಹಾಗಿಲ್ಲ, ಇನ್ನು ತಡ ಮಾಡುವ ಹಾಗೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅವ್ವನದು, ಅಕ್ಕನದು, ಭಾವನದು, ದೊಡ್ಡಪ್ಪನದು ನೋಡಿ ಆಗಿತ್ತು. ಯಾರದೂ ಹೊಂದಿರಲಿಲ್ಲ. ಹಣ ಕೊಡುತ್ತೇವೆಂದರೂ ಹೊರಗಿನವರು ಯಾರೂ ಒಪ್ಪಿರಲಿಲ್ಲ. ಆ ಕಾಲದಲ್ಲಿ ರಕ್ತ ಕೊಟ್ಟರೆ ಆಯುಸ್ಸು ಹೋಗುತ್ತದೆಂದು ಜನ ಹೆದರುತ್ತಿದ್ದರು.

ನನ್ನ ಬೆರಳು ಚುಚ್ಚಿ ಒಂದು ಹನಿ ತೆಗೆದುಕೊಂಡು ಹೋದರು. ನಾವು ಕಾದೆವು. ಎಷ್ಟು ಹೊತ್ತೆಂದು ಹೇಳಲಾರೆ, ಅಷ್ಟು ಹೊತ್ತು ನನಗೆ ಗೋಡೆಯ ಗಡಿಯಾರ ಕಾಣಿಸಲಿಲ್ಲ. ನಾನು ಹಾಸ್ಟೆಲಿನಲ್ಲಿ ಇದ್ದಿದ್ದರೆ ತಂತಿ ಬುಧವಾರ ಸಂಜೆಯೇ ಕೈಗೆ ಬಂದಿರುತ್ತಿತ್ತು, ಗುರುವಾರ ಬೆಳಿಗ್ಗೆ ಇಲ್ಲಿರುತ್ತಿದ್ದೆ. ಒಂದು ಇಡೀ ದಿನವನ್ನು ಅಪ್ಪನ ಆಯುಸ್ಸಿನಿಂದ ಕಿತ್ತುಕೊಂಡಿದ್ದೆ. ಅದೊಂದೇ ಯೋಚನೆ. ನರ್ಸಮ್ಮ ಓಡಿಬಂದು, "ಹೊಂದುತ್ತೆ, ಬಾಪ್ಪಾ," ಎಂದಾಗ ಅವ್ವ ಕೈಮುಗಿದದ್ದು ನರ್ಸಮ್ಮನಿಗೇ.

ಸೂಜಿ ಚುಚ್ಚಿ ಮಲಗಿಸಿದಾಗ ತಡೆದುಕೊಳ್ಳಲಾರದೆ ಹೇಳಿದೆ. "ಅವ್ವಾ, ಹೋರಿ ತಿಂದದ್ದು ಹಾಸ್ಟೆಲಿನ ಕಟ್ಟು. ನಾನು ಸುಳ್ಳು ಹೇಳಿದೆ."

ಅವ್ವ ನನ್ನನ್ನೇ ನೋಡಿದಳು. "ಬೈಯೋದು ಆಮ್ಯಾಲೆ ಬೈತೀನಿ. ಈಗ ಅಲ್ಲಾಡದೆ ಮಲಕ್ಕೋ."

ದೊಡ್ಡಪ್ಪ ಮಾತ್ರ, "ನಂಗೆ ಅವತ್ತೇ ಗೊತ್ತಿತ್ತು ಕಣೋ," ಎಂದರು. "ಹೋರಿ ಬಾಯಿ ಹಾಕ್ತಿದ್ದಂಗೆ ನಿನ್ನ ಮುಖ ಇಳೀತು. ಬೇಕಾದ್ದು ಸಿಕ್ಕೋನ ಮುಖ ಹಂಗಾ ಇರೋದು?"

"ಮತ್ತೆ ಯಾಕೆ ಹೇಳಲಿಲ್ಲ, ದೊಡ್ಡಪ್ಪಾ?"

"ಕೇಳ್ದೋನು ನೀನು. ಹೇಳೋನೂ ನೀನೇ. ನಡುವೆ ನಾನ್ ಬಾಯಿ ಹಾಕಿದ್ರೆ ನಾಳೆ ಯಾವನೂ ಹೋರಿ ಮುಂದೆ ನಿಲ್ಲಲ್ಲ."

ಹನ್ನೊಂದು ಗಂಟೆಗೆ ಅಪ್ಪನನ್ನು ಒಳಗೆ ಕರೆದೊಯ್ದರು. ಎರಡು ಗಂಟೆ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು, "ಸಂಜೆವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ," ಎಂದರು. ಈ ಮಾತನ್ನು ನಾವೆಲ್ಲರೂ ಕೇಳಿದೆವು. ಶನಿವಾರ ಬೆಳಿಗ್ಗೆ ಅಪ್ಪ ಕಣ್ಣು ಬಿಟ್ಟು ಮೊದಲು ನನ್ನನ್ನೇ ನೋಡಿದರು.

"ನೀ ಯಾಕ್ಲಾ ಇಲ್ಲಿ? ನಿಂಗೆ ಪರೀಕ್ಷೆ ಇಲ್ವಾ?"

ಅಕ್ಕ ಅಳುತ್ತ ಅಳುತ್ತ ನಕ್ಕುಬಿಟ್ಟಳು.

ಅಪ್ಪ ಮನೆಗೆ ಬಂದ ಮೇಲೆ ನಾನು ದೊಡ್ಡಿಗೆ ಹೋಗಿ, ಹತ್ತು ಜನರೆದುರು ತಪ್ಪನ್ನು ಒಪ್ಪಿಕೊಂಡು, ಹೋರಿಯ ಮುಂದೆ ಕಬ್ಬು ಇಟ್ಟೆ. ಹೋರಿ ಅದನ್ನು ಮುಟ್ಟಲಿಲ್ಲ. ಒಂದು ಮುದಿ ಹಸು ಬಂದು ತಿಂದಿತು. ಅದಕ್ಕೆ ಅರ್ಥ ಕಟ್ಟಲು ನಾನು ಹೋಗುವುದಿಲ್ಲ. ಮದರಾಸಿಗೆ ಹಿಂತಿರುಗಿ ಹಾಸ್ಟೆಲ್ ವಾರ್ಡನ್ನರನ್ನು ಕಂಡೆ. ಇಬ್ಬರಿಗೆಂದು ಮಾಡಿದ ಕೋಣೆಯಲ್ಲಿ ಮೂರನೆಯವನಾಗಿ ಜಾಗ ಕೊಟ್ಟರು. ಬೆಲ್ಲು, ಹಾಜರಿ, ನೀರಾದ ಸಾಂಬಾರು, ಸದಾ ಗಲಾಟೆ. ನನಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ಆದರೂ ಓದು ಮುಗಿಯುವವರೆಗೆ ಅಲ್ಲೇ ಇದ್ದೆ. ಆ ತಂತಿ ನನ್ನ ಕೈಗೆ ಬಂದದ್ದು ಇಪ್ಪತ್ತು ದಿನ ಕಳೆದ ಮೇಲೆ. ಮೊದಲ ಮನೆಯ ಒಡತಿ, ಈ ಹುಡುಗರು ಎಂದಾದರೂ ಬಂದಾರೆಂದು, ಅದನ್ನು ದೇವರ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

ತಪ್ಪು ಮಾಡಿದವನನ್ನು ಸ್ವಾಮಿ ಶಿಕ್ಷಿಸುತ್ತಾನೆಂದು ಚಿಕ್ಕಂದಿನಿಂದ ಕೇಳಿದ್ದೆ. ನನ್ನ ತಪ್ಪಿನಿಂದ ಮುಚ್ಚಿಹೋದ ದಾರಿಯನ್ನು ಅವನೇ ಇನ್ನೊಂದು ಕಡೆಯಿಂದ ತೆರೆದ. ನಾನು ಒಪ್ಪಿಕೊಳ್ಳಲು ಹೊರಟೆ, ಅಷ್ಟೇ. ಉಳಿದ ದಾರಿಯನ್ನು ಅವನು ನಡೆಸಿದ. ಅಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದರು. ಅಂದಿನಿಂದ ಇಂದಿನವರೆಗೆ ನಾನು ಸ್ವಾಮಿಯ ಹೆಸರು ಹೇಳದೆ ಒಂದು ತುತ್ತೂ ಎತ್ತಿಲ್ಲ.

ಇದು ಒಮ್ಮೆ ದೇವರ ಮುಂದೆಯೇ ಸುಳ್ಳು ಹೇಳಿದವನ ಬರಹ. ಆದ್ದರಿಂದ ನನ್ನ ಮಾತನ್ನಷ್ಟೇ ನಂಬಿ ಎಂದು ಕೇಳುವುದಿಲ್ಲ. ಅವ್ವ, ರಂಗಯ್ಯ ದೊಡ್ಡಪ್ಪ, ಭಾವ ಈಗ ಇಲ್ಲ. ಆ ಹೂವಿನ ಹೆಂಗಸಿನ ಹೆಸರು ನನಗೆ ಎಂದೂ ತಿಳಿಯಲಿಲ್ಲ. ನಾನು ಮಳೆಯಲ್ಲಿ ಕುಳಿತು ಬೇಡಿಕೊಂಡದ್ದನ್ನು ಕಣ್ಣಾರೆ ಕಂಡ ಸುಬ್ಬು ನಿಲಕ್ಕೋಟ್ಟೈಯಲ್ಲಿ ತೋಟ ನೋಡಿಕೊಂಡಿದ್ದಾನೆ. ದಿಂಡಿಗಲ್ಲಿನಲ್ಲಿ ನನ್ನ ತೋಳು ಹಿಡಿದು ಎಳೆದ ಅಕ್ಕ ಚಿನ್ನಮ್ಮ ಕೊಂಬೈಯಲ್ಲಿ ಇದ್ದಾಳೆ. ಕಿವಿ ಸ್ವಲ್ಪ ಮಂದ, ನೆನಪು ಮಂದವಲ್ಲ. ಅವರಿಬ್ಬರೂ ಬದುಕಿದ್ದಾರೆ. ಹೋಗಿ ಕೇಳಬಹುದು.